ಮನೆಯಲ್ಲೇ ಸಣ್ಣ ಕಾರಿನ ಗೇರ್ ಆಯಿಲ್ ಬದಲಿಸುವುದು: ಯಾವ ಬೋಲ್ಟ್ ಮೊದಲು, ಯಾವುದು ಆಮೇಲೆ

ಗೇರ್ ಆಯಿಲ್ ಬದಲಿಸುವ ಕೆಲಸ ಎಂಜಿನ್ ಆಯಿಲ್ ಬದಲಿಸುವುದಕ್ಕಿಂತ ಕಷ್ಟವಲ್ಲ. ಆದರೂ ಮನೆಯಲ್ಲಿ ಕೈಹಾಕಿದ ಹಲವರು ಅರ್ಧಕ್ಕೆ ನಿಲ್ಲಿಸಿ ಗ್ಯಾರೇಜಿನವರನ್ನು ಕರೆಸಿಕೊಳ್ಳುತ್ತಾರೆ. ನಾನು ಕಂಡಂತೆ ಇದಕ್ಕೆ ಕಾರಣಗಳು ನಾಲ್ಕೇ. ಹಳೆಯ ಆಯಿಲ್ ಪೂರ್ತಿ ಇಳಿಸಿದ ಮೇಲೆ ಹೊಸದನ್ನು ತುಂಬುವ ಬೋಲ್ಟ್ ಕದಲದೇ ಇರುವುದು, ಗೇರ್ ಬಾಕ್ಸಿನ ಬದಲು ಎಂಜಿನ್ನಿನ ಬೋಲ್ಟ್ ಬಿಚ್ಚುವುದು, ಅಂಗಡಿಯವರು ಕೊಟ್ಟ ಆಯಿಲನ್ನೇ ಸುರಿಯುವುದು, ಇಳಿಜಾರಿನ ಅಂಗಳದಲ್ಲಿ ಕಾರನ್ನು ವಾಲಿಸಿಟ್ಟುಕೊಂಡು ಮಟ್ಟ ನೋಡುವುದು. ಕೊಡಗಿನಲ್ಲಿ ಕಡೆಯ ತಪ್ಪೇ ಹೆಚ್ಚು, ಏಕೆಂದರೆ ಇಲ್ಲಿ ಸಮತಟ್ಟಾದ ಅಂಗಳವುಳ್ಳ ಮನೆ ಸಿಗುವುದೇ ಅಪರೂಪ.

ಇಲ್ಲಿ ಹೇಳಿರುವುದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ, ಕ್ಲಚ್ ಪೆಡಲ್ ಇರುವ ಸಣ್ಣ ಕಾರುಗಳಿಗೆ ಅನ್ವಯಿಸುತ್ತದೆ. ಓಮ್ನಿ, ಜೀಪು ಮುಂತಾದ ಹಿಂಬದಿ ಚಕ್ರದ ವಾಹನಗಳಲ್ಲಿ ಎಡ-ಬಲದ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಬೇರೆಯೇ ಇದ್ದು, ಅದಕ್ಕೆ ಬೇರೆ ಆಯಿಲ್ ಬೇಕಾಗುತ್ತದೆ. ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಎಎಂಟಿ ಕಾರಿನಲ್ಲಿಯೂ ಒಳಗಿರುವುದು ಸಾಮಾನ್ಯ ಗೇರ್ ಬಾಕ್ಸೇ ಆದರೂ, ಗೇರ್ ಬದಲಿಸುವ ಆಕ್ಚುವೇಟರಿಗೆ ಪ್ರತ್ಯೇಕ ಹೈಡ್ರಾಲಿಕ್ ದ್ರವ ಇರಬಹುದು. ಅದನ್ನು ಮನೆಯಲ್ಲಿ ಮುಟ್ಟಬೇಡಿ.

ಹಂತ 1: ಸಮಯವನ್ನು ಆರಿಸಿಕೊಳ್ಳುವುದು

ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ. ಆದರೆ ಅಲ್ಲಿನ ದೊಡ್ಡ ಅಂಕಿ ಸಾಧಾರಣ ಬಳಕೆಗೆ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಸಂಪಾಜೆ ಘಾಟಿಯನ್ನೋ ಮಾಕುಟ್ಟದ ರಸ್ತೆಯನ್ನೋ ಮೇಲಿಂದ ಮೇಲೆ ಹತ್ತಿಳಿಯುವ, ತೋಟದ ದಾರಿಯಲ್ಲಿ ಎರಡನೇ ಗೇರಿನಲ್ಲೇ ಓಡಾಡುವ ಕಾರಿಗೆ 40,000 ಕಿಲೋಮೀಟರಿಗೊಮ್ಮೆ ಬದಲಿಸುವುದು ನನ್ನ ಲೆಕ್ಕದಲ್ಲಿ ದುಂದುವೆಚ್ಚವಲ್ಲ. ಕೈಪಿಡಿಯಲ್ಲಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಅನುಸರಿಸಿ.

ವರ್ಷದಲ್ಲಿ ಇದಕ್ಕೆ ಹೇಳಿಮಾಡಿಸಿದ ಕಾಲ ಏಪ್ರಿಲ್ ಮತ್ತು ಮೇ. ರೊಬಸ್ಟಾ ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಈ ಕೆಲಸಕ್ಕೆ ಖಾಲಿಯಾಗಿರುತ್ತದೆ, ಮಳೆಗಾಲ ಇನ್ನೂ ಹಿಡಿದಿರುವುದಿಲ್ಲ. ಜೂನ್ ತಿಂಗಳ ನಂತರ ಹೊರಗೆ ಕಾರಿನಡಿ ಮಲಗಿದರೆ ತೆರೆದ ಗೇರ್ ಬಾಕ್ಸಿಗೆ ನೀರು ಸೇರುವ ಭಯ ಒಂದು ಕಡೆ, ಕಾಲಿಗೆ ಇಂಬಳ ಹತ್ತುವ ಕಾಟ ಇನ್ನೊಂದು ಕಡೆ.

ಇದಕ್ಕೊಂದು ಅಪವಾದವಿದೆ. ಮಳೆಗಾಲದಲ್ಲಿ ಭಾಗಮಂಡಲದಲ್ಲೋ ಸಿದ್ದಾಪುರದ ಕರಡಿಗೋಡಿನ ಕಡೆಯಲ್ಲೋ ಹೊಳೆ ರಸ್ತೆಗೆ ಬಂದಾಗ ಚಕ್ರದ ನಡುಮಟ್ಟ ಮುಳುಗುವಷ್ಟು ನೀರಿನಲ್ಲಿ ಕಾರು ದಾಟಿಸಿದ್ದರೆ, ಬೇಸಿಗೆಯವರೆಗೆ ಕಾಯಬಾರದು. ಓಡಿ ಬಿಸಿಯಾಗಿದ್ದ ಗೇರ್ ಬಾಕ್ಸ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಮೇಲಿನ ಗಾಳಿರಂಧ್ರದಿಂದಲೋ ಸೀಲುಗಳ ಅಂಚಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳಬಹುದು. ಮಳೆ ಬಿಡುವು ಕೊಟ್ಟ ಮೊದಲ ದಿನವೇ ತೆಗೆದು ನೋಡಬೇಕು.

ಹಂತ 2: ಸರಿಯಾದ ಆಯಿಲ್ ಕೊಳ್ಳುವುದು

ಅಂಗಡಿಗೆ ಹೋಗಿ ಬರೀ ಗೇರ್ ಆಯಿಲ್ ಎಂದು ಕೇಳಿದರೆ ಜೀಪು ಮತ್ತು ಪಿಕಪ್ಪುಗಳಿಗೆ ಹಾಕುವ ‘90 ಆಯಿಲ್’ ಕೈಗೆ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ ಎರಡು ವಿವರಗಳನ್ನು ಕೈಪಿಡಿಯಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲನೆಯದು ದಪ್ಪವನ್ನು ಹೇಳುವ ಸಂಖ್ಯೆ: 75ಡಬ್ಲ್ಯೂ-80, 75ಡಬ್ಲ್ಯೂ-90 ಇತ್ಯಾದಿ. ಎರಡನೆಯದು ಗುಣಮಟ್ಟವನ್ನು ಹೇಳುವ ದರ್ಜೆ: ಜಿಎಲ್-4 ಅಥವಾ ಜಿಎಲ್-5.

ಈ ಎರಡನೆಯದನ್ನು ಕಡೆಗಣಿಸುವವರೇ ಹೆಚ್ಚು. 5 ಎಂಬುದು 4ಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಜಿಎಲ್-5 ತಯಾರಾದದ್ದು ಡಿಫರೆನ್ಷಿಯಲ್ಲಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುವಾಗ ಉಂಟಾಗುವ ಭಾರೀ ಒತ್ತಡಕ್ಕಾಗಿ. ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ಕ್ಕಿಂತ ಹೆಚ್ಚು. ಗೇರ್ ಬಾಕ್ಸಿನೊಳಗಿನ ಸಿಂಕ್ರೊನೈಸರ್ ಉಂಗುರಗಳು ಬಹುಪಾಲು ಹಿತ್ತಾಳೆಯವು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಈ ಉಂಗುರ ಗೇರನ್ನು ಹಿಡಿದು ವೇಗವನ್ನು ಸರಿದೂಗಿಸಬೇಕು, ಅಂದರೆ ಅದಕ್ಕೆ ಒಂದಿಷ್ಟು ಘರ್ಷಣೆ ಬೇಕೇ ಬೇಕು. ಅತಿಯಾಗಿ ಜಾರುವ ಆಯಿಲಿನಲ್ಲಿ ಉಂಗುರದ ಹಿಡಿತ ತಪ್ಪಿ ಗೇರ್ ಕರಕರ ಎನ್ನುತ್ತದೆ, ಮತ್ತು ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಕಾಲಕ್ರಮದಲ್ಲಿ ಹಿತ್ತಾಳೆಯನ್ನು ತಿನ್ನುತ್ತದೆ. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಮಾತ್ರ. ಡಬ್ಬಿಯ ಮೇಲೆ ಎರಡನ್ನೂ ಒಟ್ಟಿಗೆ ಬರೆದಿದ್ದರೆ ನಾನಾದರೆ ಕೊಳ್ಳುವುದಿಲ್ಲ. ಕೆಲವು ತಯಾರಕರು ಇವೆರಡೂ ಅಲ್ಲದ, ತಮ್ಮದೇ ವಿಶೇಷ ದ್ರವವನ್ನು ಸೂಚಿಸುತ್ತಾರೆ. ಹಾಗಿದ್ದಲ್ಲಿ ಅದನ್ನೇ ತರಬೇಕು.

ದಪ್ಪದ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಗೇರ್ ಆಯಿಲಿನ ಸಂಖ್ಯೆಯನ್ನು ಎಂಜಿನ್ ಆಯಿಲಿನ ಸಂಖ್ಯೆಯೊಂದಿಗೆ ಹೋಲಿಸಬಾರದು, ಅಳತೆಯ ಪಟ್ಟಿಯೇ ಬೇರೆ. 75ಡಬ್ಲ್ಯೂ-90 ಗೇರ್ ಆಯಿಲ್ ದಪ್ಪದಲ್ಲಿ ಹೆಚ್ಚುಕಡಿಮೆ 10ಡಬ್ಲ್ಯೂ-40 ಎಂಜಿನ್ ಆಯಿಲಿನಷ್ಟೇ ಇರುತ್ತದೆ. ಘಾಟಿಯಲ್ಲಿ ಓಡುವ ಕಾರಿಗೆ ಇನ್ನೂ ದಪ್ಪದ್ದಿರಲಿ ಎಂದು ಹಾಕಿದರೆ, ಮಡಿಕೇರಿಯ ಡಿಸೆಂಬರ್ ಮುಂಜಾನೆಯಲ್ಲಿ ಎರಡನೇ ಗೇರ್ ಹಾಕಲು ಲಿವರಿನೊಂದಿಗೆ ಗುದ್ದಾಡಬೇಕಾಗುತ್ತದೆ.

ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 2 ಲೀಟರ್ ಆಸುಪಾಸಿನಲ್ಲಿ ಬೇಕಾಗುತ್ತದೆ. ನಿಖರ ಪ್ರಮಾಣವನ್ನು ಕೈಪಿಡಿಯಲ್ಲಿ ನೋಡಿ ಅದಕ್ಕಿಂತ ಅರ್ಧ ಲೀಟರಾದರೂ ಹೆಚ್ಚಿಗೆ ಇಟ್ಟುಕೊಳ್ಳಿ, ಏಕೆಂದರೆ ಮಟ್ಟ ನೋಡುವಾಗ ಸ್ವಲ್ಪ ಹೊರಗೆ ಹರಿಯಲೇಬೇಕು.

ಹಂತ 3: ಉಪಕರಣಗಳನ್ನು ಜೋಡಿಸಿಕೊಳ್ಳುವುದು

ಬೋಲ್ಟಿನ ತಲೆ ಯಾವ ಬಗೆಯದೆಂದು ಹಿಂದಿನ ದಿನವೇ ಬಗ್ಗಿ ನೋಡಿ. ಕೆಲವದರ ತಲೆ ಹೊರಗಿನ ಷಟ್ಕೋನ, ಕೆಲವಕ್ಕೆ ಅಲೆನ್ ಕೀ ಬೇಕು, ಇನ್ನು ಕೆಲವದರ ತಲೆಯಲ್ಲಿ ಚೌಕ ಗುಳಿ ಇರುತ್ತದೆ. ಚೌಕ ಗುಳಿಗೆ ಸರಿಹೊಂದದ ಕೀಲಿ ತುರುಕಿ ಅಂಚನ್ನು ಸವೆಸಿದರೆ ಮುಂದಿನ ಕೆಲಸ ಲೇತ್ ಅಂಗಡಿಯವರದ್ದು. ಸರಿಯಾದ ಅಳತೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್, ಉದ್ದನೆಯ ಹ್ಯಾಂಡಲ್, ಜ್ಯಾಕ್, ಜ್ಯಾಕ್ ಸ್ಟ್ಯಾಂಡುಗಳು, ಚಕ್ರಕ್ಕೆ ಕೊಡಲು ಮರದ ಅಡೆಗಳು, 4 ಲೀಟರ್ ಹಿಡಿಯುವ ಅಗಲ ಬೇಸಿನ್, ಅಳತೆ ಗುರುತುಳ್ಳ ಜಗ್, ಆಲಿಕೆ, ಒಂದೂವರೆ ಮೀಟರ್ ಪಾರದರ್ಶಕ ಪೈಪು, ಹೊಸ ವಾಷರುಗಳು ಮತ್ತು ಗಾರೆಯವರು ಬಳಸುವ ರಸಮಟ್ಟ ಬೇಕು. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು.

ಪೈಪು ಹೊಸದಾಗಿರಲಿ. ತೋಟದ ಮನೆಗಳಲ್ಲಿ ಔಷಧಿ ಹೊಡೆಯುವ ಪಂಪಿನ ಹಳೆಯ ಪೈಪಿನ ತುಂಡು ಯಾವಾಗಲೂ ಕೈಗೆ ಸಿಗುವಂತೆಯೇ ಬಿದ್ದಿರುತ್ತದೆ. ಬೋರ್ಡೋ ದ್ರಾವಣದ ಮೈಲುತುತ್ತ ಮತ್ತು ಸುಣ್ಣ ಅದರೊಳಗೆ ಒಣಗಿ ಅಂಟಿಕೊಂಡಿದ್ದು, ಎಷ್ಟು ತೊಳೆದರೂ ಪುಡಿ ಉದುರುತ್ತದೆ. ಗೇರ್ ಬಾಕ್ಸಿನಲ್ಲಿ ಅದನ್ನು ಸೋಸಲು ಫಿಲ್ಟರ್ ಇರುವುದಿಲ್ಲ.

ಹಂತ 4: ಮಟ್ಟದ ನೆಲವನ್ನು ಹುಡುಕುವುದು

ಈ ಹಂತವನ್ನು ಹಾರಿಸಿ ಮುಂದಕ್ಕೆ ಓದಬೇಡಿ. ಗೇರ್ ಬಾಕ್ಸಿನ ಮಟ್ಟ ನೋಡಲು ಎಂಜಿನ್ನಿಗೆ ಇರುವಂತೆ ಡಿಪ್‌ಸ್ಟಿಕ್ ಬಹುತೇಕ ಕಾರುಗಳಲ್ಲಿಲ್ಲ. ತುಂಬುವ ರಂಧ್ರದ ಕೆಳ ಅಂಚೇ ಮಟ್ಟದ ಗುರುತು, ಆಯಿಲ್ ಅಲ್ಲಿಂದ ತುಳುಕತೊಡಗಿದಾಗ ಸರಿಯಾಯಿತೆಂದು ಲೆಕ್ಕ. ಕಾರು ವಾಲಿದ್ದರೆ ಈ ಲೆಕ್ಕವೇ ಸುಳ್ಳಾಗುತ್ತದೆ. ರಂಧ್ರ ಇರುವ ಬದಿ ಮೇಲೆದ್ದಿದ್ದರೆ ಬೇಕಾದುದಕ್ಕಿಂತ ಹೆಚ್ಚು ತುಂಬುತ್ತದೆ, ಆ ಬದಿ ತಗ್ಗಿದ್ದರೆ ಒಳಗೆ ಕೊರತೆ ಇದ್ದರೂ ತುಳುಕುತ್ತದೆ.

ನಾನು ಮೊದಲ ಸಲ ಮಾಡಿದಾಗ ಮುಂಭಾಗವನ್ನು ಮಾತ್ರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತುಳುಕುವವರೆಗೆ ಸುರಿದು, ಬೋಲ್ಟ್ ಬಿಗಿದು ಕೈತೊಳೆದುಕೊಂಡೆ. ಇಳಿಸಿದ ಆಯಿಲನ್ನು ಜಗ್ಗಿನಲ್ಲಿ ಅಳೆದಾಗ, ಹಾಕಿದ್ದು ಅದಕ್ಕಿಂತ ಬಹಳ ಹೆಚ್ಚು ಎಂದು ತಿಳಿಯಿತು. ಹೆಚ್ಚಾದರೆ ಆಯಿಲ್ ನೊರೆಯೆದ್ದು ಗಾಳಿರಂಧ್ರದಿಂದ ಉಕ್ಕುತ್ತದೆ, ಸೀಲುಗಳ ಮೇಲೆ ಒತ್ತಡ ಹಾಕುತ್ತದೆ. ಕಡಿಮೆಯಾದರೆ ಇನ್ನೂ ಕೆಟ್ಟದ್ದು: ಹಲವು ಸಣ್ಣ ಕಾರುಗಳಲ್ಲಿ ಐದನೇ ಗೇರು ಗೇರ್ ಬಾಕ್ಸಿನ ತುದಿಯ ಕವರಿನೊಳಗೆ ಕೂತಿರುವುದರಿಂದ ಕೊರತೆಯ ಪೆಟ್ಟು ಮೊದಲು ಬೀಳುವುದು ಅದಕ್ಕೇ.

ಮನೆಯ ಅಂಗಳಕ್ಕಿಂತ ಕಾಫಿ ಕಣ ಮೇಲು, ಆದರೆ ಮಳೆನೀರು ಹರಿದುಹೋಗಲೆಂದು ಕಣಕ್ಕೂ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಕಾರು ನಿಲ್ಲುವ ಜಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ನೇರವಾದ ಹಲಗೆ ಹಾಕಿ, ಅದರ ಮೇಲೆ ರಸಮಟ್ಟ ಇಟ್ಟು ನೋಡಿ. ಮಟ್ಟವಾದ ನೆಲ ಸಿಕ್ಕಿದ ಮೇಲೆ ಕಾರನ್ನು ಅಲ್ಲಿ ನಿಲ್ಲಿಸಿ, ಬಾಗಿಲಿನ ಕೆಳಗಿನ ಪಟ್ಟಿಯ ಮೇಲೆ ರಸಮಟ್ಟವಿಟ್ಟು ಗುಳ್ಳೆ ಎಲ್ಲಿ ನಿಲ್ಲುತ್ತದೆಂದು ರಸಮಟ್ಟದ ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಎಡ-ಬಲದ ವಾಲಿಕೆಗೂ ಕಾರಿನ ಅಡ್ಡಕ್ಕೆ ಹೀಗೆಯೇ ಒಂದು ಗುರುತು ಬೇಕು. ಆಮೇಲೆ ಕಾರನ್ನು ಎತ್ತಿದಾಗ ಗುಳ್ಳೆಗಳು ಅದೇ ಗುರುತುಗಳಿಗೆ ಬರುವಂತೆ ನಾಲ್ಕು ಸ್ಟ್ಯಾಂಡುಗಳನ್ನೂ ಹೊಂದಿಸಿದರೆ ಕಾರು ನೆಲದ ಮೇಲಿದ್ದಂತೆಯೇ ಇದೆ ಎಂದರ್ಥ.

ನಾಲ್ಕು ಸ್ಟ್ಯಾಂಡುಗಳಿಲ್ಲದವರಿಗೆ ಬೇರೆ ದಾರಿಯಿದೆ, ಈಗ ನಾನು ಅನುಸರಿಸುವುದೂ ಅದನ್ನೇ. ಮುಂಭಾಗವನ್ನು ಎತ್ತಿ ಹಳೆಯದನ್ನು ಇಳಿಸಿ, ಕೆಳಗಿನ ಬೋಲ್ಟ್ ಮುಚ್ಚಿ, ಕಾರನ್ನು ಚಕ್ರಗಳ ಮೇಲೆ ಮಟ್ಟದ ನೆಲಕ್ಕೆ ಇಳಿಸಿದ ಮೇಲೆ ಬಾನೆಟ್ಟಿನ ಕಡೆಯಿಂದ ಪೈಪಿನಲ್ಲಿ ತುಂಬುವುದು. ತುಂಬುವ ರಂಧ್ರಕ್ಕೆ ಮೇಲಿನಿಂದಲೋ, ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಪಕ್ಕದಿಂದಲೋ ಕೈ ಎಟಕುವ ಕಾರುಗಳಲ್ಲಿ ಮಾತ್ರ ಇದು ಸಾಧ್ಯ.

ಹಂತ 5: ಕಾರನ್ನು ಬಿಸಿ ಮಾಡಿ ಎತ್ತುವುದು

ಹತ್ತು ನಿಮಿಷ ಓಡಿಸಿ ತಂದರೆ ಆಯಿಲ್ ತೆಳ್ಳಗಾಗಿ ಕಸವನ್ನೂ ಜೊತೆಗೆ ಹೊತ್ತು ಇಳಿಯುತ್ತದೆ. ಕೈಗೆ ಹದ ಬಿಸಿ ಅನ್ನಿಸಿದರೆ ಸಾಕು. ಘಾಟಿ ಹತ್ತಿ ಬಂದ ಕಾರಾದರೆ ಗಂಟೆಗಟ್ಟಲೆ ಆರಲು ಬಿಡಿ, ಆ ಬಿಸಿಯಲ್ಲಿ ಅಂಗೈ ಸುಟ್ಟುಕೊಳ್ಳುವುದು ಖಂಡಿತ.

ಹ್ಯಾಂಡ್ ಬ್ರೇಕ್ ಎಳೆದು, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಟ್ಟು, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜ್ಯಾಕ್ ಕೊಡಿ. ಜ್ಯಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಸ್ಟ್ಯಾಂಡಿನ ಬದಲಿಗೆ ಜಂಬಿಟ್ಟಿಗೆ, ಸಿಮೆಂಟ್ ಬ್ಲಾಕು, ಸಿಲ್ವರ್ ಓಕಿನ ದಿಮ್ಮಿಗಳನ್ನು ಇಡುವ ರೂಢಿ ಇದೆ. ಕಲ್ಲು ಮತ್ತು ಬ್ಲಾಕು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ, ಓಕಿನ ದಿಮ್ಮಿ ಉದ್ದಕ್ಕೆ ಸೀಳುತ್ತದೆ. ನೆಲ ಕೆಮ್ಮಣ್ಣಿನದಾದರೆ ಸ್ಟ್ಯಾಂಡಿನಡಿ ದಪ್ಪ ಹಲಗೆ ಹಾಕಿ. ನಿಲ್ಲಿಸಿದ ಮೇಲೆ ಕಾರನ್ನು ಹೊರಗಿನಿಂದ ಜೋರಾಗಿ ಅಲುಗಿಸಿ ನೋಡದೆ ಕೆಳಗೆ ತಲೆ ಹಾಕಬೇಡಿ, ಮನೆಯಲ್ಲಿ ಇನ್ನೊಬ್ಬರಾದರೂ ಇರುವಾಗಲೇ ಈ ಕೆಲಸ ಮಾಡಿ.

ಹಂತ 6: ಮೂರು ಬೋಲ್ಟುಗಳನ್ನು ಗುರುತಿಸುವುದು

ಕೆಳಗಿನಿಂದ ನೋಡಿದರೆ ಎಂಜಿನ್ನಿನ ಡ್ರೈನ್ ಬೋಲ್ಟ್, ಗೇರ್ ಬಾಕ್ಸಿನ ಡ್ರೈನ್ ಬೋಲ್ಟ್ ಮತ್ತು ಗೇರ್ ಬಾಕ್ಸನ್ನು ತುಂಬುವ ಬೋಲ್ಟ್ ಇವುಗಳನ್ನು ಗುರುತಿಸಬೇಕು. ಎಂಜಿನ್ನಿನದು ಅದರ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ತಗಡಿಗೋ ಎರಕಕ್ಕೋ ಇದ್ದು ಆಯಿಲ್ ಫಿಲ್ಟರಿನ ಬದಿಯಲ್ಲಿರುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಎರಡೂ ಡ್ರೈವ್ ಶಾಫ್ಟುಗಳು ಯಾವ ಪೆಟ್ಟಿಗೆಯೊಳಗೆ ಹೊಕ್ಕಿವೆಯೋ ಅದು ಗೇರ್ ಬಾಕ್ಸ್. ಅದರ ತಳದಲ್ಲಿರುವುದು ಇಳಿಸುವ ಬೋಲ್ಟ್, ಪಕ್ಕದ ಗೋಡೆಯಲ್ಲಿ ಶಾಫ್ಟಿನ ಎತ್ತರದ ಆಸುಪಾಸಿನಲ್ಲಿರುವುದು ತುಂಬುವ ಬೋಲ್ಟ್. ಕೆಲವು ಮಾದರಿಗಳಲ್ಲಿ ಮೇಲಿನ ಸ್ವಿಚ್ಚಿನ ರಂಧ್ರದಿಂದ ಅಳೆದು ತುಂಬುವ ಏರ್ಪಾಡೂ ಇರುತ್ತದೆ, ಅದನ್ನು ಕೈಪಿಡಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಹೊರಬಂದದ್ದು ಕಪ್ಪಗೆ, ಎಂಜಿನ್ ಆಯಿಲಿನ ವಾಸನೆಯಲ್ಲಿದ್ದರೆ ತಕ್ಷಣ ಬೋಲ್ಟ್ ಮುಚ್ಚಿ. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಹಂತ 7: ತುಂಬುವ ಬೋಲ್ಟನ್ನು ಮೊದಲು ಸಡಿಲಿಸುವುದು

ಇಡೀ ಕೆಲಸದ ಕ್ರಮ ನಿಂತಿರುವುದು ಇದರ ಮೇಲೆ. ಕೆಳಗಿನ ಬೋಲ್ಟಿಗೆ ಕೈಹಾಕುವ ಮೊದಲು ಮೇಲಿನದು ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಲೇಬೇಕು. ಅದು ತುಕ್ಕು ಹಿಡಿದು ಕದಲದಿದ್ದರೆ, ಆಗಲೂ ಗೇರ್ ಬಾಕ್ಸಿನಲ್ಲಿ ಹಳೆಯ ಆಯಿಲ್ ಇರುವುದರಿಂದ ಕಾರನ್ನು ಇಳಿಸಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಕೆಳಗಿನದನ್ನು ಮೊದಲು ಬಿಚ್ಚಿದವರು ನಾಪೋಕ್ಲಿನಿಂದ ಮಡಿಕೇರಿಗೆ ಕಾರನ್ನು ಎಳೆಸಿಕೊಂಡು ಹೋಗಬೇಕಾಗುತ್ತದೆ.

ಬೋಲ್ಟಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಕೆರೆದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಸಾಕೆಟ್ ಪೂರ್ತಿ ಒಳಗೆ ಕೂತಿದೆಯೆಂದು ನೋಡಿಕೊಂಡು, ಒಂದು ಕೈಯಿಂದ ಸಾಕೆಟ್ಟನ್ನು ಒತ್ತಿಹಿಡಿದು, ಇನ್ನೊಂದರಿಂದ ಉದ್ದನೆಯ ಹ್ಯಾಂಡಲನ್ನು ಎಳೆಯಿರಿ. ಜರ್ಕ್ ಕೊಟ್ಟು ಎಳೆದರೆ ತಲೆ ಸವೆಯುತ್ತದೆ. ಸಡಿಲಾದ ಮೇಲೆ ಪೂರ್ತಿ ತೆಗೆದಿಡಿ, ಗಾಳಿಯಾಡಿದರೆ ಹಳೆಯದು ಬೇಗ ಇಳಿಯುತ್ತದೆ. ಈ ಹೊತ್ತಿನಲ್ಲಿ ಕಾರು ಮಟ್ಟವಾಗಿದ್ದರೆ ಬೆರಳು ತೂರಿಸಿ ಹಳೆಯ ಆಯಿಲ್ ಅಂಚಿನಷ್ಟಿತ್ತೇ ಎಂದು ನೋಡಿ, ಬರೆದುಕೊಳ್ಳಿ.

ಹಂತ 8: ಇಳಿಸುವುದು ಮತ್ತು ಇಳಿದದ್ದನ್ನು ಓದುವುದು

ಬೇಸಿನ್ನನ್ನು ಸ್ವಲ್ಪ ಮುಂದಕ್ಕೆ ಸರಿಸಿ ಇಡಿ, ಮೊದಲ ಧಾರೆ ನೇರ ಕೆಳಗೆ ಬೀಳುವುದಿಲ್ಲ. ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ತಿರುಪಿನ ಕೊನೆಯ ಎಳೆಯಲ್ಲಿ ಒಮ್ಮೆಗೇ ಕೈ ತೆಗೆಯಿರಿ. ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ.

ಇಳಿದ ಆಯಿಲ್ ಗೇರ್ ಬಾಕ್ಸಿನ ಜಾತಕ. ಕಂದು ಅಥವಾ ಬೂದು ಬಣ್ಣವಿದ್ದು, ಬೋಲ್ಟಿನ ತುದಿಯ ಅಯಸ್ಕಾಂತದ ಮೇಲೆ ಬೆರಳಿಗೆ ನಯವೆನಿಸುವ ಕಪ್ಪು ಲೇಪ ಕೂತಿದ್ದರೆ ಅದು ಸಹಜ ಸವೆತ. ಬಿಸಿಲಿಗೆ ಹಿಡಿದಾಗ ಚಿನ್ನದ ಬಣ್ಣದ ಪುಡಿ ಮಿನುಗಿದರೆ ಸಿಂಕ್ರೊನೈಸರ್ ಉಂಗುರ ಸವೆದಿದೆ. ಕಾರು ಓಡುತ್ತದೆ, ಆದರೆ ಹೊಸ ಆಯಿಲಿನಿಂದ ಕರಕರ ಪೂರ್ತಿ ಹೋಗುತ್ತದೆಂದು ಆಶೆ ಇಟ್ಟುಕೊಳ್ಳಬೇಡಿ. ಉಗುರಿಗೆ ಸಿಕ್ಕುವ ಗಾತ್ರದ ಉಕ್ಕಿನ ಚೂರು ಸಿಕ್ಕಿದರೆ ಹಲ್ಲೋ ಬೇರಿಂಗೋ ಒಡೆದಿರಬಹುದು, ಪೆಟ್ಟಿಗೆ ಬಿಚ್ಚಿಸದೆ ದೂರ ಪ್ರಯಾಣ ಹೊರಡಬೇಡಿ.

ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಆಗ ಒಂದು ಸಲ ಬದಲಿಸಿದರೆ ಸಾಲದು: ಹೊಸದನ್ನು ತುಂಬಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ, ಬಣ್ಣ ತಿಳಿಯಾಗುವವರೆಗೆ ಮರಳಿ ಮಾಡಬೇಕು. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಒಳಗನ್ನು ತೊಳೆಯುವ ಸಲಹೆಗೆ ಕಿವಿಗೊಡಬೇಡಿ, ಮೂಲೆಗಳಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳುವಾಗಿಸುತ್ತದೆ.

ಜಗ್ಗಿನಲ್ಲಿ ಅಳತೆ ಮಾಡಿ. ಕೈಪಿಡಿಯ ಪ್ರಮಾಣಕ್ಕೆ ಹೋಲಿಸಿದರೆ ಕಾಲು ಲೀಟರಿಗಿಂತ ದೊಡ್ಡ ಕೊರತೆ ಕಂಡರೆ ಎಲ್ಲಿಂದಲೋ ಸೋರಿದೆ. ಡ್ರೈವ್ ಶಾಫ್ಟ್ ಪೆಟ್ಟಿಗೆಯೊಳಗೆ ಹೋಗುವ ಜಾಗದ ಸೀಲನ್ನು ಮೊದಲು ನೋಡಿ.

ಹಂತ 9: ಕೆಳಗಿನ ಬೋಲ್ಟನ್ನು ಮುಚ್ಚುವುದು

ಅಯಸ್ಕಾಂತವನ್ನು ಬಟ್ಟೆಯಿಂದ ಒರೆಸಿ ಹೊಸ ವಾಷರ್ ಹಾಕಿ. ಹಳೆಯ ವಾಷರ್ ಈಗಾಗಲೇ ಅದುಮಿಹೋಗಿರುವುದರಿಂದ ಮತ್ತೆ ಸರಿಯಾಗಿ ಕೂರುವುದಿಲ್ಲ. ಕೆಲವು ಗೇರ್ ಬಾಕ್ಸುಗಳಲ್ಲಿ ವಾಷರೇ ಇರದೆ ಎಳೆಗಳಿಗೆ ಸೀಲಂಟ್ ಹಚ್ಚುವ ಕ್ರಮವಿದೆ, ಅಲ್ಲಿ ವಾಷರ್ ಹುಡುಕಿಕೊಂಡು ಅಲೆಯಬೇಕಿಲ್ಲ.

ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ. ಪೆಟ್ಟಿಗೆ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು; ಎಳೆ ತಪ್ಪಿ ಕೂತ ಬೋಲ್ಟನ್ನು ಸ್ಪ್ಯಾನರಿನಿಂದ ಒತ್ತಾಯಿಸಿದರೆ ಹಾಳಾಗುವುದು ಪೆಟ್ಟಿಗೆಯೇ. ಟಾರ್ಕ್ ರೆಂಚ್ ಇದ್ದವರು ಆ ಕಾರಿಗೆ ಹೇಳಿದ ಅಳತೆಗೆ ಬಿಗಿಯಲಿ. ಇಲ್ಲದವರು ವಾಷರ್ ಮೈಗೆ ತಾಗಿದ ಮೇಲೆ ಸಣ್ಣ ಹ್ಯಾಂಡಲಿನಿಂದ ಸುಮಾರು ಕಾಲು ಸುತ್ತು ಬಿಗಿದು ನಿಲ್ಲಿಸಲಿ. ಬಿಚ್ಚಲು ಬಳಸಿದ ಉದ್ದನೆಯ ಹ್ಯಾಂಡಲನ್ನು ಬಿಗಿಯಲು ಬಳಸಬೇಡಿ.

ಹಂತ 10: ತುಂಬುವುದು

ಪೈಪಿನ ಒಂದು ತುದಿಯನ್ನು ರಂಧ್ರದೊಳಗೆ ತೂರಿಸಿ, ಇನ್ನೊಂದನ್ನು ಬಾನೆಟ್ಟಿನೊಳಗಿನಿಂದ ಮೇಲೆ ತಂದು ಆಲಿಕೆ ಸಿಕ್ಕಿಸಿ. ಕೆಲವು ಕಾರುಗಳಲ್ಲಿ ಇದಕ್ಕಾಗಿ ಏರ್ ಫಿಲ್ಟರಿನ ಪೆಟ್ಟಿಗೆ ತೆಗೆಯಬೇಕಾದೀತು. ಪೈಪು ಎಲ್ಲಿಯೂ ಮಡಚಿರಬಾರದು. ಚಳಿಯ ದಿನವಾದರೆ ಮುಚ್ಚಳ ಬಿಗಿದ ಡಬ್ಬಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಇಳಿಯುವ ವೇಗ ಹೆಚ್ಚುತ್ತದೆ.

ಇಳಿದ ಪ್ರಮಾಣವಲ್ಲ, ಕೈಪಿಡಿಯ ಪ್ರಮಾಣವೇ ಗುರಿ. ಅದಕ್ಕಿಂತ 200 ಮಿಲಿಲೀಟರ್ ಕಡಿಮೆ ಇರುವಾಗ ನಿಲ್ಲಿಸಿ ಐದು ನಿಮಿಷ ಕಾಯಿರಿ, ಗೇರುಗಳ ಮೇಲಿನದು ಕೆಳಗಿಳಿಯಲಿ. ಬಳಿಕ ಸ್ವಲ್ಪಸ್ವಲ್ಪವೇ ಹಾಕುತ್ತಾ, ಅಂಚಿನಿಂದ ಧಾರೆ ಬಂದು ಅದು ಹನಿಯಾಗಿ ಇಳಿಯುವವರೆಗೆ ಬಿಟ್ಟು, ಬೋಲ್ಟ್ ಮುಚ್ಚಿ. ಕೈಪಿಡಿಯ ಪ್ರಮಾಣಕ್ಕಿಂತ ತೀರಾ ಮೊದಲೇ ತುಳುಕಿದರೆ ಅಥವಾ ಅದನ್ನು ಮೀರಿದರೂ ತುಳುಕದಿದ್ದರೆ ಕಾರು ವಾಲಿದೆ ಎಂದೇ ತಿಳಿದು ರಸಮಟ್ಟದ ಗುರುತನ್ನು ಮತ್ತೆ ನೋಡಿ.

ಹಂತ 11: ಓಡಿಸಿ ನೋಡುವುದು

ಕಾರು ಸ್ಟ್ಯಾಂಡಿನ ಮೇಲಿರುವಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ಇಳಿಸಿ, ಕೆಳಗನ್ನೆಲ್ಲಾ ಒಣಬಟ್ಟೆಯಿಂದ ಒರೆಸಿ, ಐದಾರು ಕಿಲೋಮೀಟರ್ ಎಲ್ಲ ಗೇರುಗಳನ್ನೂ ಬಳಸಿ ಓಡಿಸಿ ಬನ್ನಿ. ರಾತ್ರಿ ಬೋಲ್ಟಿನಡಿ ಹಳೆಯ ದಿನಪತ್ರಿಕೆ ಹಾಸಿಡಿ, ಬೆಳಿಗ್ಗೆ ಹನಿ ಕಂಡರೆ ಎಲ್ಲಿಂದ ಬಂತೆಂದು ಸುಲಭವಾಗಿ ತಿಳಿಯುತ್ತದೆ. ವಾರದ ನಂತರ ಇನ್ನೊಮ್ಮೆ ನೋಡಿ.

ಹೊಸ ಆಯಿಲಿನ ಮೇಲೂ ರಿವರ್ಸ್ ಮತ್ತು ಒಂದನೇ ಗೇರ್ ಎರಡೂ ನಿಂತಲ್ಲೇ ಗಟ್ಟಿಯಾಗಿ ಹೋಗುತ್ತಿದ್ದರೆ ದೋಷ ಹೆಚ್ಚಾಗಿ ಕ್ಲಚ್ಚಿನದ್ದು. ಕೇಬಲ್ ಹೊಂದಾಣಿಕೆಯನ್ನು ನೋಡಿಸಿ. ಓಡುವಾಗ ಒಂದೇ ಗೇರ್ ತೊಂದರೆ ಕೊಟ್ಟರೆ ಅದರ ಸಿಂಕ್ರೊನೈಸರ್ ಅನುಮಾನಾಸ್ಪದ. ಗೇರ್ ಹಾಕದೆ ನಿಂತಾಗಲೂ ಕೇಳುತ್ತಿದ್ದು ಕ್ಲಚ್ ಒತ್ತಿದಾಗ ನಿಲ್ಲುವ ಗುಂಯ್ ಎಂಬ ಸದ್ದು ಬೇರಿಂಗಿನದ್ದು. ಇವುಗಳಿಗೆ ಆಯಿಲಿನಲ್ಲಿ ಮದ್ದಿಲ್ಲ.

ಹಂತ 12: ಹಳೆಯ ಆಯಿಲನ್ನು ವಿಲೇವಾರಿ ಮಾಡುವುದು

ಹಳೆಯದನ್ನು ಖಾಲಿ ಡಬ್ಬಿಗಳಿಗೇ ತುಂಬಿ ಮುಚ್ಚಳ ಬಿಗಿಯಿರಿ. ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದು, ತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಜೂನ್ ತಿಂಗಳ ಮಳೆಗೆ ಅದೆಲ್ಲವೂ ತೋಡಿಗೆ, ತೋಡಿನಿಂದ ಕಾವೇರಿಗೆ ಇಳಿಯುತ್ತದೆ, ಕೆಳಗಿನ ಊರಿನವರು ಅದೇ ನೀರನ್ನು ಕುಡಿಯುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಧಿಕೃತ ಮರುಬಳಕೆದಾರರಿಗೇ ಸೇರಬೇಕು. ಹಳೆಯ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅಂಥವರಿಗೆ ಕೊಡುವ ಸರ್ವಿಸ್ ಸ್ಟೇಷನ್ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಇದೆಯೇ ಎಂದು ಆಯಿಲ್ ಕೊಳ್ಳಲು ಹೋದ ದಿನವೇ ವಿಚಾರಿಸಿಟ್ಟುಕೊಳ್ಳಿ. ನೀರು ಸೇರಿದ ಆಯಿಲನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಹಾಗೆಂದು ಬರೆದೇ ಕೊಡಿ.